ನಕ್ಷೆಯೊಳಗಿಲ್ಲದ ಮಜಲು

ಚಿಕ್ಕೋಡಿ ಭಾಗದ, ಹೊಳೆಗೆ ಹತ್ತಿರದ ಒಂದು ಊರು. ಪುರಸಭೆ ಇದೆ, ಸುತ್ತಲೂ ಕಬ್ಬು ಇದೆ, ಕಬ್ಬಿನ ನಡುನಡುವೆ ಬಿಳಿ ಕಲ್ಲು ನೆಟ್ಟ ಪ್ಲಾಟುಗಳಿವೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಈ ಸೀಮೆಯ ಬೇರೆ ಬೇರೆ ಪುರಸಭೆಗಳಲ್ಲಿ ಜೆ.ಇ. ಆಗಿ ದುಡಿದು ಕೊನೆಗೆ ಇದೇ ಊರಿನಲ್ಲಿ ನಿವೃತ್ತರಾದವರು. ಇನ್ನೊಬ್ಬರು 2018ರಲ್ಲಿ ಪುರಸಭೆಗೆ ಆರಿಸಿ ಬಂದು ಅವಧಿ ಮುಗಿಸಿದ ಸದಸ್ಯೆ. ಮತ್ತೆ ನಿಲ್ಲುವ ವಿಚಾರವಿದೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಪೇಟೆ ಓಣಿಯಲ್ಲಿ ಹಳೆಯ ವಾಡೆ ಕೆಡವಿ ಏಳುತ್ತಿರುವ ಕಟ್ಟಡದ ಮೇಲೆ ಅರ್ಜಿ ಬರೆಸಿಕೊಳ್ಳಲು ಆಕೆ ಬಂದದ್ದು.

ಸದಸ್ಯೆ: ಕಾಕಾ, ಪರವಾನಗಿ ಎರಡು ಮಜಲಿಂದು. ಈಗ ಮೂರನೇದರ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡದಾರ. ಓಣಿ ನೋಡಿದ್ರ ಹನ್ನೆರಡು ಫೂಟು. ನಕ್ಷೆದಾಗ ತಳಕ್ಕ ಪಾರ್ಕಿಂಗ್ ಅಂತ ತೋರಿಸ್ಯಾರ, ಅಲ್ಲಿ ಆಗಲೇ ಶೆಟರ್ ಕೂಡಸಾಕತ್ತಾರ. ಪುರಸಭೆ ಏನ್ ಮಾಡಾಕತ್ತೈತ್ರಿ?

ನಿವೃತ್ತರು: ನೀ ಸದಸ್ಯೆ ಇದ್ದಾಗ ಏನ್ ಮಾಡ್ತಿತ್ತು, ಅದನ್ನ ಮಾಡಾಕತ್ತೈತಿ. ನೋಟಿಸ್ ಕೊಟ್ಟಿರ್ತೈತಿ.

ಸದಸ್ಯೆ: ನೋಟಿಸ್ ಕೊಟ್ರ ಮುಗೀತೇನ್ರಿ?

ನಿವೃತ್ತರು: ಎಲ್ಲಿ ಮುಗೀತೈತಿ, ಸುರು ಆಕ್ಕೈತಿ. ಮೊದಲನೇ ನೋಟಿಸ್, ಎರಡನೇ ನೋಟಿಸ್, ಆಮ್ಯಾಲೆ ಆತ ಕೋರ್ಟಿಗೆ ಹೋಗಿ ತಡೆ ತರೂದು. 2024ರ ನವೆಂಬರದಾಗ ಸುಪ್ರೀಂ ಕೋರ್ಟು ಹೇಳೇತಿ, ಕೆಡವೂಕಿಂತ ಮೊದಲು 15 ದಿವಸದ ನೋಟಿಸ್ ಕೊಡಬೇಕು, ಅವನ ಮಾತು ಕೇಳಬೇಕು ಅಂತ. ಉತ್ತರದ ಕಡೆ ಸಿಟ್ಟು ಬಂದ್ರ ಬುಲ್ಡೋಜರ್ ತಂದು ಮನಿ ಬೀಳಸ್ತಿದ್ರಲ್ಲ, ಅದಕ್ಕ ಬಂದ ತೀರ್ಪು. ತಪ್ಪಿಲ್ಲ ಅದು. ಆದರ ನಮ್ಮ ಕಡೆ ಗೌಂಡಿಗೆ 15 ದಿವಸ ಸಿಕ್ರ ಸ್ಲ್ಯಾಬ್ ಹಾಕಿ ನೀರೂ ಹೊಡದು ಮುಗಿಸಿರ್ತಾನ.

ಸದಸ್ಯೆ: ಅಂದ್ರ ಪಾಯಾ ತೋಡೂವಾಗ ಯಾರೂ ನೋಡಲಿಲ್ಲ. ಕಾಲಂ ಏಳೂವಾಗ ನೋಡಲಿಲ್ಲ.

ನಿವೃತ್ತರು: ನೋಡಿರ್ತಾರ. ಇಷ್ಟು ಸಣ್ಣ ಊರಾಗ ಒಂದು ಗಾಡಿ ಮರಳು ಬಿದ್ರ ಸಂಜೀಕ ಚಹಾದ ಅಂಗಡ್ಯಾಗ ಗೊತ್ತಾಗಿರ್ತೈತಿ. ಈಗ ನಿನಗ ಒಂದು ಮಾತು ಕೇಳ್ಲೇನು ಮೆಂಬರ ಬಾಯಾರ? ಹೊಳೀಕಡೆ ಓಣ್ಯಾಗ ಒಬ್ಬಾವ ಗಟಾರದ ಮ್ಯಾಲೆ ಬಚ್ಚಲಾ ಕಟ್ಟಿದ್ದ. ನಾ ತೆಗಸಾಕ ಹೋದಾಗ ಫೋನ್ ಮಾಡಿದಾಕಿ ಯಾರು?

ಸದಸ್ಯೆ: ನಾನ. ಆ ಮನ್ಯಾಗ ಹರೇದ ಹುಡಿಗ್ಯಾರು ಇಬ್ಬರು ಇದ್ರು ಕಾಕಾ. ಒಂದು ಗುಂಟೇನೂ ಇಲ್ಲದ ಜಾಗಾ, ಅದರಾಗ ಅಣ್ಣತಮ್ಮರು ಮೂವರು ಪಾಲಾಗ್ಯಾರ. ಬಚ್ಚಲಾ ಎಲ್ಲಿ ಕಟ್ಟಬೇಕ್ರಿ ಅವರು? ಅದು ಬ್ಯಾರೆ, ಪ್ಯಾಟ್ಯಾಗ ಬಾಡಿಗಿ ಆಸೇಕ ಮಜಲು ಏರಸೂದು ಬ್ಯಾರೆ.

ನಿವೃತ್ತರು: ನನಗೂ ಬ್ಯಾರೇನ ಅನಸ್ತೈತಿ. ಹೌದು. ಮಳಿಗಾಲದಾಗ ಗಟಾರ ಕಟ್ಟಿ ಕೆಳಗಿನ ನಾಕು ಮನ್ಯಾಗ ಹೊಲಸು ನೀರು ಹೊಕ್ಕಾಗ ಅವರು ಯಾರಿಗೆ ಫೋನ್ ಮಾಡಿದ್ರು?

ಸದಸ್ಯೆ: ನನಗ.

ನಿವೃತ್ತರು: ನೀ ಯಾರಿಗೆ ಮಾಡಿದಿ?

ಸದಸ್ಯೆ: ನಿಮಗ.

ಇಬ್ಬರೂ ನಕ್ಕರು. ನಕ್ಕದ್ದರಿಂದ ವಾದವೇನೂ ಕಡಿಮೆಯಾಗಲಿಲ್ಲ.

ನಿವೃತ್ತರು: ನೋಡ ಯವ್ವಾ, ನಾ ಯಾರನ್ನೂ ಕೆಟ್ಟವರು ಅನ್ನಾಕತ್ತಿಲ್ಲ. ನಮ್ಮಂಥಾ ಪುರಸಭೆದಾಗ ಒಂದು ವಾರ್ಡಿಗೆ ಸಾವಿರ ಮತ ಇದ್ರ ಹೆಚ್ಚು. ಗೆಲ್ಲೂದು ಇಪ್ಪತ್ತು ಮತದಿಂದ, ಮೂವತ್ತು ಮತದಿಂದ. ಒಂದು ಮನಿ ಅಂದ್ರ ಐದಾರು ಮತ, ಅವರ ಬೀಗರ ಮನಿ ಸೇರಿದ್ರ ಹನ್ನೆರಡು. ಅಂಥಾದ್ರಾಗ ಯಾವ ಸದಸ್ಯ ನಿಂತು ಗ್ವಾಡಿ ಕೆಡವಸ್ತಾನ ಹೇಳು. ಕಾಯ್ದೆ ಪ್ರಕಾರ ಕಟ್ಟಡದ ಪರವಾನಗ್ಯಾಗ ಸದಸ್ಯರ ಸಹಿನ ಬೇಕಾಗಿಲ್ಲ. ಆದರೂ ಸಹಿ ಮಾಡೂ ಕೈ ಅವರ ಫೋನಿಗೆ ನಡಗತಿರ್ತೈತಿ. ಅದಕ್ಕ ನಾ ಹೇಳೂದು, ನಕ್ಷೆ, ಪರವಾನಗಿ, ತಪಾಸಣಿ ಇವು ಊರವರ ಕೈಯಾಗ ಇರಬಾರದು. ಬೆಳಗಾವ್ಯಾಗ ಇರಲಿ, ಬೆಂಗಳೂರಾಗ ಇರಲಿ. ಗುರುತು ಇಲ್ಲದಾವ ಬಂದು ಟೇಪ್ ಹಿಡೀಲಿ.

ಸದಸ್ಯೆ: ಗುರುತಿಲ್ಲದಾವ ಹಿಡಿದ ಟೇಪ್ ನಾ 2019ರಾಗ ನೋಡೀನ್ರಿ.

ನಿವೃತ್ತರು: ಮಹಾಪೂರದಾಗ?

ಸದಸ್ಯೆ: ಹೂಂ. ನಾವು 2018ರಾಗ ಆರಿಸಿ ಬಂದ್ವಿ. ಅಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋತು. 2020ರ ಕೊನೀತನಕ ರಾಜ್ಯದಾಗ ನಮ್ಮಂಥಾ ಪುರಸಭೆಗೋಳಿಗೆ ಅಧ್ಯಕ್ಷರ ಇರಲಿಲ್ಲ, ಆಡಳಿತಾಧಿಕಾರಿ ಇದ್ರು. ಅದರ ನಡಬರಕ 2019ರ ಆಗಸ್ಟ್ ಬಂತು. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಕೂಡಿ ಏರಿದ್ವು. ಯಡೂರ, ಕಲ್ಲೋಳ, ಮಾಂಜರಿ, ಇಂಗಳಿ ನೀರಾಗ. ನಿಪ್ಪಾಣಿ ಹಂತೇಲಿ ಯಮಗರ್ಣ್ಯಾಗ ಪುಣೆ-ಬೆಂಗಳೂರು ಹೆದ್ದಾರಿನ ಬಂದ್ ಆತು. ನಮ್ಮ ವಾರ್ಡಿನ ಮಂದಿ ಸಾಲ್ಯಾಗ, ಮಂಗಲ ಕಾರ್ಯಾಲಯದಾಗ ಮಕ್ಕೊಂಡಿದ್ರು. ಆರಿಸಿ ಬಂದ ನಾವು ಕಾಗದದ ಮ್ಯಾಲೆ ಯಾರೂ ಅಲ್ಲ.

ನಿವೃತ್ತರು: ಅದು ಖರೆ. ಚುನಾವಣೆ ಮಾಡಿ ಕುರ್ಚಿ ಕೊಡಲಿಲ್ಲ.

ಸದಸ್ಯೆ: ಮುಂದ ಕೇಳ್ರಿ. ಕೇಂದ್ರದ ಲೆಕ್ಕದಾಗ ಪೂರಾ ಬಿದ್ದ ಪಕ್ಕಾ ಮನಿಗೆ 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನ 5 ಲಕ್ಷಕ್ಕ ಏರಸ್ತು. ಒಳ್ಳೇದ ಆತು, ನಾ ಇಲ್ಲ ಅನ್ನೂದಿಲ್ಲ. ನೂರಕ್ಕ 75ರ ಮ್ಯಾಲೆ ಬಿದ್ರ ಎ ವರ್ಗ, 25ರಿಂದ 75 ಆದ್ರ ಬಿ, ಅದರ ಕೆಳಗ ಸಿ, ಸಿ-ಗೆ 50 ಸಾವಿರ. ಬಿ ವರ್ಗದವರು ಮನಿ ಕೆಡವಿ ಹೊಸಾದು ಕಟ್ಟಿದ್ರ 5 ಲಕ್ಷ, ದುರಸ್ತಿ ಮಾಡಿಕೊಂಡ್ರ 3 ಲಕ್ಷ ಅಂದ್ರು. ಈಗ ನೀವ ಹೇಳ್ರಿ, ಇಂಜಿನಿಯರ್ ಇದ್ದೀರಿ, ಮಂದಿ ಏನ್ ಮಾಡ್ತಾರ?

ನಿವೃತ್ತರು: ಕೆಡವ್ತಾರ.

ಸದಸ್ಯೆ: ಕೆಡವಿದ್ರು. ಅಜ್ಜ ಮುತ್ತ್ಯಾ ಕಟ್ಟಿದ ಕಲ್ಲಿನ ಗ್ವಾಡಿ, ಎರಡು ಫೂಟ್ ದಪ್ಪಂದು, ನೀರು ಇಳದ ಮ್ಯಾಲೆ ಗಟ್ಟಿ ನಿಂತಿತ್ತು. ಮಾಳಿಗಿ ಅಷ್ಟ ಹೋಗಿತ್ತು. 2 ಲಕ್ಷದ ಆಸೇಕ ಅದನ್ನ ಜೆಸಿಬಿ ಹಚ್ಚಿ ಬೀಳಿಸಿ, ಅದ ಜಾಗಾದಾಗ, ಅದ ಮಟ್ಟದಾಗ ಆರಿಂಚಿನ ಇಟ್ಟಂಗಿ ಗ್ವಾಡಿ ಎಬ್ಬಿಸಿದ್ರು. ಪಾಯಾ ಆದಾಗ ಒಂದು ಫೋಟೋ, ಗ್ವಾಡಿ ಆದಾಗ ಒಂದು, ಛತ್ತಿಗೆ ಒಂದು. ಜಿಪಿಎಸ್ ಫೋಟೋ ಬೆಂಗಳೂರಿನ ರಾಜೀವ್ ಗಾಂಧಿ ವಸತಿ ನಿಗಮಕ್ಕ ಹೋಗಬೇಕು, ಅಲ್ಲಿಂದ ಕಂತು ಬರಬೇಕು. ಮನಿ ಅಲ್ಲೇ ಐತಿ ಅಂತ ಫೋಟೋದಾಗ ತಿಳೀತೈತಿ. ಆದರ ಅಲ್ಲಿ ಇರಬೇಕೋ ಬ್ಯಾಡೋ ಅಂತ ಫೋಟೋ ಹೇಳ್ತೈತೇನ್ರಿ? 2021ರ ಜುಲೈದಾಗ ಮತ್ತ ನೀರು ಬಂತು. ಹೊಸ ಮನ್ಯಾಗ ಬಂತು.

ನಿವೃತ್ತರು: ಫೋಟೋಕ್ಕ ಬೈಯೂದು ಸಲೀಸು. ಆದರ ಎ, ಬಿ, ಸಿ ಬರದವರು ಯಾರು? ತಲಾಠಿ, ಪಿಡಿಒ, ನನ್ನಂಥಾ ಜೆ.ಇ. ಎಲ್ಲಾರೂ ಹತ್ತಿರದವರ. ನಿಂತ ಮನಿ ಎ ಆತು, ಬಿದ್ದ ಮನಿ ಸಿ ಆತು ಅಂತ ಅರ್ಜಿ ಮ್ಯಾಲೆ ಅರ್ಜಿ ಬಂದ್ವಲ್ಲ, ಅವು ಬೆಂಗಳೂರಾಗ ಕೂತಾವ ಮಾಡಿದ ತಪ್ಪಲ್ಲ. ಹಂತೇಲಿ ನಿಂತು ಕಣ್ಣಾರೆ ನೋಡಿದಾವ ಮಾಡಿದ್ದು. ಅದರಾಗ ಕೆಲವು ತಪ್ಪಲ್ಲ, ಉದ್ದೇಶನ.

ಸದಸ್ಯೆ: ಪಟ್ಟಿ ಮಾಡೂದು ಮುಚ್ಚಿದ ಖೋಲ್ಯಾಗ ಆತು, ಅದಕ್ಕ ಹಂಗಾತು. ಓಣ್ಯಾಗ ನಿಂತು ಗಟ್ಟಿಯಾಗಿ ಓದಿದ್ರ ಯಾವ ಮನಿ ಬಿದ್ದೈತಿ, ಯಾವುದು ನಿಂತೈತಿ ಅಂತ ಮಂದೀನ ಹೇಳ್ತಿದ್ರು. ನಾಚಿಕಿ ಅಂತ ಒಂದು ಇರ್ತೈತ್ರಿ. ಆಜುಬಾಜುದವರ ಮುಂದ ನಿಂತು ತನ್ನ ಗಟ್ಟಿ ಮನಿ ಬಿದ್ದೈತಿ ಅನ್ನಾಕ ಧೈರ್ಯ ಬೇಕು.

ನಿವೃತ್ತರು: ಅಂಥಾ ಧೈರ್ಯ ಇದ್ದವರು ನಮ್ಮ ಊರಾಗ ಕಡಿಮಿ ಇಲ್ಲ.

ಚಹಾ ಬಂತು. ಇಲ್ಲಿ ಬರೆಯುವವನ ಒಂದು ಮಾತು. ನಗರ ಯೋಜನೆಯ ಕಾಯಿದೆ ಈ ಸೀಮೆಗೆ ಹೊಸದೇನೂ ಅಲ್ಲ. ದೇಶದಲ್ಲಿ ಅಂಥ ಮೊದಲ ಕಾಯಿದೆ ಬಂದದ್ದೇ ಇವರ ಅಜ್ಜಂದಿರು ಪ್ರಜೆಗಳಾಗಿದ್ದ ಮುಂಬಯಿ ಪ್ರಾಂತದಲ್ಲಿ, 1915ರಲ್ಲಿ. ಆಮೇಲೆ ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1964ರ ಪೌರಸಭೆಗಳ ಕಾಯಿದೆ, 1992ರ 74ನೆಯ ತಿದ್ದುಪಡಿ. ಕಾಯಿದೆಯ ಕೊರತೆಯಿಂದ ಈ ಓಣಿಗಳು ಇಕ್ಕಟ್ಟಾದವು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಇವರಿಬ್ಬರೂ ನಂಬುವುದಿಲ್ಲ, ಅಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಪಕ್ಷ.

ಸದಸ್ಯೆ: ಸಂವಿಧಾನದ ಹನ್ನೆರಡನೇ ಅನುಸೂಚಿ ನೋಡ್ರಿ ಕಾಕಾ. ಹದಿನೆಂಟು ಕೆಲಸ ಬರದಾರ. ಮೊದಲನೇದು ನಗರ ಯೋಜನೆ. ಎರಡನೇದು ಜಾಗಾದ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಕುಡಿಯೂ ನೀರು, ಗಟಾರ, ಎಲ್ಲಾ ಆಮ್ಯಾಲೆ. ಅಂದ್ರ ಪುರಸಭೆಗೆ ಮೊದಲು ಕೊಡಬೇಕಾದದ್ದು ಇದು. ಕೊಟ್ಟಿದ್ದು ಯಾವುದು? ಗಟಾರ ಬಳಿಯೂದು. ಲೇಔಟಿನ ಫೈಲು ನೋಡಬೇಕಂದ್ರ ಬೆಳಗಾವಿಗೆ ಹೋಗಬೇಕು.

ನಿವೃತ್ತರು: ಕೊಡಬೇಕು ಅಂತ ಬರದಿಲ್ಲ ಅದರಾಗ. ರಾಜ್ಯ ಬೇಕಾದ್ರ ಕೊಡಬಹುದು ಅಂತ ಬರದೈತಿ. ಆ ಮಾತಿನ ಸಂದ್ಯಾಗ ಮೂವತ್ತು ವರ್ಷ ಹೋದ್ವು. ಸರಿ, ಕೊಟ್ರು ಅಂತ ಇಟಕೋ. ಕೊಟ್ಟಲ್ಲಿ ಏನಾಗೇತಿ? ಗ್ರಾಮ ಪಂಚಾಯತಿಗೋಳ ಕಥಿ ನೋಡು. ಕಾರ್ಖಾನಿ ಬಿಲ್ ಬಂದ ವರ್ಷ ಪ್ಲಾಟಿನ ಧಂದೆ ಜೋರ. ಊರ ಹೊರಗ ಎರಡು ಎಕರೆ ಕಬ್ಬು ತೆಗದು, ಎನ್.ಎ. ಮಾಡಸದ, ನಕ್ಷೆ ಮಂಜೂರು ಮಾಡಸದ, ಸುಣ್ಣದ ಗೆರಿ ಹೊಡದು ಗುಂಟೆ ಲೆಕ್ಕದಾಗ ಮಾರಿದ್ರು. ಬಾಂಡ್ ಮ್ಯಾಲೆ ಬರಕೊಟ್ಟದ್ದೂ ಉಂಟು. ಪಾರ್ಕಿಗೆ ಜಾಗಾ ಇಲ್ಲ, ಸಾಲಿಗೆ ಇಲ್ಲ, ಗಟಾರಕ್ಕ ಇಳಕಲು ಎತ್ತಕಡೆ ಅಂತ ಯಾರೂ ನೋಡಲಿಲ್ಲ. 2013ರಾಗ ಇ-ಸ್ವತ್ತು ಬಂತು. ನಕ್ಷೆ ಸರಿ ಇದ್ದವರಿಗೆ ನಮೂನೆ 9, ಇಲ್ಲದವರಿಗೆ 11ಬಿ. ತಡೀಲಿ ಅಂತ ತಂದದ್ದು. ಮಂದಿ 11ಬಿ ಸಿಕ್ಕಿದ್ದನ್ನ ಸರ್ಕಾರದ ಮುದ್ರಿ ಬಿತ್ತು ಅಂತ ತಿಳಕೊಂಡ್ರು.

ಸದಸ್ಯೆ: ಮುಂದ ಆ ಪಂಚಾಯತಿನ ಪಟ್ಟಣ ಪಂಚಾಯತಿ ಆತು, ಪುರಸಭೆ ಆತು. ಯಕ್ಸಂಬಾ, ಬೋರಗಾಂವ, ಉಗಾರ ಖುರ್ದ, ಹಾರೂಗೇರಿ, ಮುಗಳಖೋಡ, ಎಲ್ಲಾ ಹಂಗ ಏರಿದ್ವಲ್ಲ.

ನಿವೃತ್ತರು: ಬೋರ್ಡ್ ಬದಲಾತು, ಓಣಿ ಅದ. ಹಳೇ ಪಾಪ ಎಲ್ಲಾ ಹೊಸ ಪುರಸಭೆ ತಲೀಮ್ಯಾಲೆ. ಈಗ ಆ ಪ್ಲಾಟಿನವರು ಬಂದು ಘರಪಟ್ಟಿ ಕಟ್ಟಾಕತ್ತೀವಿ, ಗಟಾರ ಎಲ್ಲಿ ಅಂತಾರ. ಅವರದೂ ತಪ್ಪಿಲ್ಲ. ಆದರ ಮಾರಿದಾವ ಅಷ್ಟರಾಗ ಬ್ಯಾರೆ ಊರಾಗ ಕಲ್ಲು ನೆಟ್ಟಿರ್ತಾನ.

ಸದಸ್ಯೆ: ಕಾಕಾ, ಆ ಪ್ಲಾಟ್ ತಗೊಂಡವರು ಯಾರು? ಗೌಂಡಿಗೋಳು, ಡ್ರೈವರ್, ಅಂಗಡ್ಯಾಗ ಲೆಕ್ಕ ಬರಿಯೂವರು, ಅಂಗನವಾಡಿ ಬಾಯಾರು. ಮಂಜೂರಾದ ಎನ್.ಎ. ಲೇಔಟಿನಾಗ ರೇಟ್ ಕೇಳಿ ಹಿಂದ ಸರದವರು. ಕಾಯ್ದೆಬದ್ಧ ಜಾಗಾ ಅವರಿಗೆ ನಿಲುಕೂದಿಲ್ಲ. ಆಶ್ರಯ ಮನಿ ಪಟ್ಟಿ ಅಂದ್ರ ಶಾಸಕರ ಅಧ್ಯಕ್ಷತೆಯ ಸಮಿತಿ ಕೈಯಾಗ, ಅದರಾಗ ಹೆಸರು ಬರಬೇಕಂದ್ರ ಗುರುತು ಬೇಕು. ಇನ್ನ ಉಳದದ್ದು 11ಬಿ. ಸರ್ಕಾರಕ್ಕೂ ಗೊತ್ತೈತಿ. ಅದಕ್ಕ 2025ರ ಫೆಬ್ರವರಿದಾಗ ಪಟ್ಟಣಗೋಳಿಗೂ ಬಿ-ಖಾತೆ ಅಂದ್ರು, ಇದೊಂದ ಸಲ ಅಂತ.

ನಿವೃತ್ತರು: ಇದೊಂದ ಸಲ! ಅಕ್ರಮ-ಸಕ್ರಮ ತಂದಾಗಲೂ ಇದ ಮಾತು. ಮನಿಗೆ ಅರ್ಧದಷ್ಟು ಮಾರ್ಜಿನ್ ನುಂಗಿದ್ರೂ ದಂಡ ಕಟ್ಟಿ ಸಕ್ರಮ ಅಂದ್ರು. 2017ರ ಜನವರ್ಯಾಗ ಸುಪ್ರೀಂ ಕೋರ್ಟ್ ತಡೆ ಕೊಟ್ತು. ಅತ್ತ ಮಹಾರಾಷ್ಟ್ರದಾಗ 2001ರಾಗ ಗುಂಠೇವಾರಿ ಕಾಯ್ದೆ. ಅದೂ ಒಂದ ಸಲಕ್ಕ ಅಂತ ಬಂದದ್ದು. ಆಮ್ಯಾಲೆ ತಾರೀಖು ಮುಂದ ಹಾಕಿದ್ರು. ನೆಟ್ಟಗ ಮಾರ್ಜಿನ್ ಬಿಟ್ಟು ಕಟ್ಟಿದಾವ ಪ್ರತಿಸಲ ಮಬ್ಬ ಆಕ್ಕಾನ. ನನ್ನ ಕಡೆ ಬಂದು ಕೇಳಿದವರದಾರ: ಸಾಹೇಬ್ರ, ನೀವು ಹೇಳಿದಂಗ ಐದು ಫೂಟ್ ಬಿಟ್ಟೆ, ಬಾಜುದಾವ ಬಿಡಲಿಲ್ಲ, ಈಗ ಅವಂದೂ ಸರಿ ನಂದೂ ಸರಿ ಅಂತೀರಿ, ನನ್ನ ಐದು ಫೂಟ್ ತಿರುಗಿ ಕೊಡ್ರಿ. ಏನ್ ಉತ್ತರ ಕೊಡಬೇಕು?

ಸದಸ್ಯೆ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಕೊಟ್ಟಾಗ ಬೇರೆ ದಾರಿ ಹಿಡಿದರು.

ಸದಸ್ಯೆ: ಬಿಗಿ ಮಾಡಿದ್ರ ಏನಾತು ಅದನ್ನೂ ನೋಡೀವಲ್ರಿ. 2024ರ ಡಿಸೆಂಬರದಾಗ ಸುಪ್ರೀಂ ಕೋರ್ಟ್ ಅಂದ್ತು, ಕಟ್ಟಡ ಪೂರ್ಣ ಆದ ಪ್ರಮಾಣಪತ್ರ ಇಲ್ಲದ ಕರೆಂಟ್, ನೀರು ಕೊಡಬ್ಯಾಡ್ರಿ ಅಂತ. ಎಲ್ಲಿಯದೋ ಮೀರತ್ತಿನ ಅಂಗಡಿ ಕಟ್ಟಡದ ಜಗಳ, ಇಲ್ಲಿ ಹೆಸ್ಕಾಂದವರು ಮೀಟರ್ ನಿಲ್ಲಿಸಿದ್ರು. ಅರವತ್ತು ವರ್ಷದಾಗ ನಮ್ಮ ಊರಾಗ ಎಷ್ಟು ಮಂದಿ ಆ ಪ್ರಮಾಣಪತ್ರ ತಗೊಂಡಾರ?

ನಿವೃತ್ತರು: ಸಾಲ ಕೊಡೂ ಬ್ಯಾಂಕ್ ಕೇಳಿದ್ರ ತಗೋತಿದ್ರು.

ಸದಸ್ಯೆ: ಮನಿಶಾಂತಿ ಮಾಡಿ ಕಂದೀಲು ಹಚ್ಚಿಕೊಂಡು ಕೂತವರದಾರ್ರಿ. ಬಾಜು ಮನಿಯಿಂದ ವಾಯರ್ ಎಳಕೊಂಡವರದಾರ. ಆಮ್ಯಾಲೆ ಸಣ್ಣ ಸೈಟಿನ ಮನಿಗೋಳಿಗೆ ಸರ್ಕಾರ ವಿನಾಯಿತಿ ಅಂದ್ತು. ತಡೀಬೇಕಾದಾವ ಪಾಯಾದಾಗ ತಡೀಲಿಲ್ಲ, ಶಿಕ್ಷಾ ದೀಪಾ ಹಚ್ಚೂವಾಗ. ಇದ ಪ್ಯಾಟಿ ಕಟ್ಟಡದಾವ ಜನರೇಟರ್ ಇಟಗೋತಾನ. ಬಡವ ಏನ್ ಇಟಗೋತಾನ?

ನಿವೃತ್ತರು: ಆ ತೀರ್ಪಿನಾಗ ಇನ್ನೊಂದು ಮಾತೈತಿ, ಅದನ್ನ ಯಾರೂ ಹೇಳೂದಿಲ್ಲ. ತಪ್ಪು ಪ್ರಮಾಣಪತ್ರ ಕೊಟ್ಟ ಅಧಿಕಾರಿ ಮ್ಯಾಲೂ ಇಲಾಖಾ ಕ್ರಮ ಆಗಬೇಕು ಅಂತ. ಮಂದಿ ಮೀಟರ್ ಲಗೂ ನಿಂತ್ವು. ಅಧಿಕಾರಿ ಪಗಾರ ನಿಂತದ್ದು ನಾ ಕೇಳಿಲ್ಲ.

ಸದಸ್ಯೆ: ಈಗ ನೀವು ನನ್ನ ಕಡೆ ಮಾತಾಡಾಕತ್ತೀರಿ.

ನಿವೃತ್ತರು: ಇಲ್ಲ ಯವ್ವಾ, ನನ್ನ ಕಡೇನ ಮಾತಾಡಾಕತ್ತೀನಿ. ಒಬ್ಬ ಜೆ.ಇ. ಮೂರು ಊರಿನ ಚಾರ್ಜ್ ಹೊತ್ತಿರ್ತಾನ. ಮುಂಜಾನೆ ನೀರಿನ ಪೈಪ್ ಒಡದ್ರ ಅವ, ಮಧ್ಯಾಹ್ನ ಮೀಟಿಂಗ್ ಅಂದ್ರ ಅವ, ಸಂಜೀಕ ನಕ್ಷೆ. ಬಿಗಿ ಮಾಡಿದ್ರ ವರ್ಗಾವಣೆ, ಸಡಲ ಬಿಟ್ರ ಲೋಕಾಯುಕ್ತ. ಅವನಿಗೆ ದೂರದ ಕಚೇರಿ ಆಸರಾ ಇದ್ರ ಇಲ್ಲ ಅನ್ನಾಕ ಬೆನ್ನೆಲುಬು ಇರ್ತೈತಿ. ಬೆಳಗಾವಿಯವರು ಒಪ್ಪಲಿಲ್ಲ ಅಂತ ಹೇಳಿ ಪಾರಾಗಬಹುದು. ಆ ಒಂದು ಸುಳ್ಳಿನಿಂದ ಎಷ್ಟು ರಸ್ತಾ ಉಳದಾವು ಗೊತ್ತೇನು ನಿನಗ?

ಸದಸ್ಯೆ: ಎಷ್ಟು ಹೋಗ್ಯಾವು ಅದನ್ನೂ ಹೇಳ್ರಿ. ಬೆಳಗಾವಿಯವರು ಒಪ್ಪಿದ್ರು ಅಂತ ಹೇಳಿ.

ನಿವೃತ್ತರು: ಹೋಗ್ಯಾವು.

ಸದಸ್ಯೆ: ನಾ ಕೇಳೂದು ದೊಡ್ಡದಲ್ಲ. ಮಂಜೂರಾದ ನಕ್ಷೆ ಕಟ್ಟಡದ ಮುಂದ ಬೋರ್ಡ್ ಮಾಡಿ ಹಾಕಬೇಕು. ಎಷ್ಟು ಮಜಲು, ಎಷ್ಟು ಮಾರ್ಜಿನ್, ಪಾರ್ಕಿಂಗ್ ಎಲ್ಲಿ, ಓದಾಕ ಬರೂ ಅಕ್ಷರದಾಗ. ನಿಪ್ಪಾಣಿ ಕಡೆ ಆದ್ರ ಕನ್ನಡದ ಕೆಳಗ ಮರಾಠ್ಯಾಗೂ ಬರೀಲಿ, ಓಣಿಯವರು ಓದಬೇಕಲ್ಲ. ವಾರ್ಡಿನಾಗ ಮೂರು ತಿಂಗಳಿಗೊಮ್ಮೆ ಸಭಾ ಕೂಡಬೇಕು, ಯಾವ ಪರವಾನಗಿ ಕೊಟ್ಟೀರಿ, ಯಾವ ನೋಟಿಸ್ ಎಲ್ಲಿಗೆ ಬಂತು ಅಂತ ಓದಬೇಕು. ಸಂವಿಧಾನದಾಗ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮಂದಿ ಇದ್ದ ಊರಿಗೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ಊರು ಕೂಡಿಸಿದ್ರೂ ಆ ಲೆಕ್ಕ ಮುಟ್ಟೂದಿಲ್ಲ. ಹಳ್ಳ್ಯಾಗ ಗ್ರಾಮಸಭಾ ಐತಿ, ಬೆಂಗಳೂರಿಗೆ ವಾರ್ಡ್ ಸಮಿತಿ ಐತಿ. ನಡುವಿನ ನಮಗ ಏನೂ ಇಲ್ಲ.

ನಿವೃತ್ತರು: ಸಭಾಕ್ಕ ಬರೂವರು ಯಾರು? ಸ್ವಂತ ಮನಿ ಇದ್ದವರು. ಪ್ಯಾಟ್ಯಾಗ ಆ ವಾಡೆ ಕೆಡವಿದ್ರಲ್ಲ, ಅದರಾಗ ಹಿಂದಿನ ಪಡಸಾಲ್ಯಾಗ ಬಾಡಿಗಿಗೆ ಇದ್ದವರು ನಾಕು ಮನಿಯವರು. ನಲವತ್ತು ವರ್ಷದಿಂದ ಇದ್ರು. ಅವರು ಈಗ ಎಲ್ಲದಾರ?

ಸದಸ್ಯೆ: ಒಬ್ಬರು ಚಿಕ್ಕೋಡಿಗೆ ಹೋದ್ರು. ಉಳದವರು...

ನಿವೃತ್ತರು: ನಿನಗ ಗೊತ್ತಿಲ್ಲ. ನಿನ್ನ ವಾರ್ಡಿನ ಬಾಜುಕಿಂದು, ನೀ ಅರ್ಜಿ ಬರಸಾಕ ಬಂದಿದ್ದು ಮ್ಯಾಲಿನ ಮಜಲಿನ ಮ್ಯಾಲೆ. ತಳದಾಗ ಇದ್ದವರ ಮ್ಯಾಲೆ ಯಾರೂ ಅರ್ಜಿ ಬರೀಲಿಲ್ಲ. ಸುಗ್ಗ್ಯಾಗ ಬೀಡ ಕಡೆಯಿಂದ ಕಬ್ಬು ಕಡಿಯೂ ಟೋಳಿ ಬರ್ತಾವು, ಊರ ಬಾಜೂಕ ತಾಡಪತ್ರಿ ಹಾಕ್ಕೊಂಡು ನಾಕೈದು ತಿಂಗಳು ಇರ್ತಾರ. ಯಾವ ವಾರ್ಡ್ ಸಭಾದಾಗ ಕೂಡ್ರಬೇಕು ಅವರು? ಹತ್ತಿರದವರ ಆಡಳಿತ ಅಂದ್ರ ಜಾಗಾ ಇದ್ದವರ ಆಡಳಿತ ಆಗಬಾರದು ನೋಡು.

ಸದಸ್ಯೆ: ಆ ನಾಕು ಮನಿ ಮಾತು ಖರೆ. ನಾ ವಿಚಾರಸ್ತೀನಿ. ಆದರ ಹೊಸ ಕಟ್ಟಡಕ್ಕ ಪರವಾನಗಿ ಕೊಡೂವಾಗ ಮೊದಲಿದ್ದವರು ಎಲ್ಲಿ ಹೋಗ್ತಾರ ಅಂತ ಕೇಳೂ ಖಾನೆ ನಿಮ್ಮ ಅರ್ಜಿ ನಮೂನ್ಯಾಗೂ ಇರಲಿಲ್ಲ. ದೂರದವರು ಮಾಡಿದ ನಮೂನೆ ಅದು. ಇರಲಿ. ನಾ ಮತ್ತ ನಿಂತು ಬಂದ್ರ ಮೊದಲ ಕೆಲಸ ಯಾವುದು ಗೊತ್ತೇನ್ರಿ? ನೀರಿನ ಗೆರಿ.

ನಿವೃತ್ತರು: ಏನದು?

ಸದಸ್ಯೆ: ಕೊಲ್ಹಾಪುರದಾಗ ಐತ್ರಿ. ನನ್ನ ತವರುಮನಿ ಆ ಕಡೆ. ಪಂಚಗಂಗಾಕ್ಕ ನೀಲಿ ಗೆರಿ, ಕೆಂಪು ಗೆರಿ ಅಂತ ಹಾಕ್ಯಾರ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರೂವಂಥಾ ನೀರು ಎಲ್ಲಿತನಕ ಏರ್ತೈತೋ ಅದು ನೀಲಿ, ಅದರೊಳಗ ಕಟ್ಟಂಗಿಲ್ಲ. ನೂರು ವರ್ಷದ್ದು ಕೆಂಪು, ಆ ಎರಡರ ನಡುವ ಕಟ್ಟಿದ್ರ ಎತ್ತರಿಸಿ ಕಟ್ಟಬೇಕು. ನಮ್ಮಲ್ಲಿ 2005, 2019, 2021, ಮೂರು ಸಲದ ನೀರು ಎಲ್ಲಿ ನಿಂತಿತ್ತು ಅಂತ ಓಣಿ ಓಣ್ಯಾಗ ಮುದಕ್ಯಾರು ಬಳ್ಳ ಹಚ್ಚಿ ತೋರಸ್ತಾರ. ಅದನ್ನ ಸರ್ವೇದವರಿಂದ ಅಳಸಿ ನಕ್ಷೆಗೆ ಏರಸ್ಬೇಕು. ಅದರೊಳಗ ಹೊಸ ಪರವಾನಗಿ ಇಲ್ಲ, ಲೇಔಟ್ ಇಲ್ಲ.

ನಿವೃತ್ತರು: ಗೆರಿ ಇದ್ದೂ 2019ರಾಗ ಕೊಲ್ಹಾಪುರ ಮುಳುಗಿತಲ್ಲ. ಗೆರಿಯೊಳಗ ಬಂಗ್ಲೆ ಎದ್ದಿದ್ವು ಅಂತ ಅವರ ಪೇಪರದಾಗ ಬಂದಿತ್ತು.

ಸದಸ್ಯೆ: ಮುಳುಗಿತು. ಆದರ ಯಾವ ಬಂಗ್ಲೆ ತಪ್ಪು ಅಂತ ಬೆರಳು ಮಾಡಿ ತೋರಸಾಕ ಅವರಿಗೆ ಗೆರಿ ಇತ್ತು. ನಮಗ ಅದೂ ಇಲ್ಲ.

ನಿವೃತ್ತರು: ಹಂ. ಗೆರಿ ಒಪ್ಪಿದೆ ನಾನು. ಈಗ ಲೆಕ್ಕಾ ಹೇಳು. ನಿನ್ನ ವಾರ್ಡಿನಾಗ ಗೆರಿಯೊಳಗ ಎಷ್ಟು ಮನಿ ಬರ್ತಾವು?

ಸದಸ್ಯೆ: ಅರ್ಧಕ್ಕ ಕಡಿಮಿ ಇಲ್ಲ.

ನಿವೃತ್ತರು: ಅವರ ಜಾಗಾದ ರೇಟ್ ಆ ದಿನಾನ ಬೀಳ್ತೈತಿ. ಬ್ಯಾಂಕ್ ಸಾಲ ಕೊಡೂದಿಲ್ಲ. ಮಗನಿಗೆ ಹೆಣ್ಣು ಕೊಡೂವರು ಸುದ್ದಾ ಗೆರಿ ಎಲ್ಲೈತಿ ಅಂತ ಕೇಳ್ತಾರ. 2005ರ ನಂತರ ಎತ್ತರದ ಜಾಗಾದಾಗ ಪ್ಲಾಟ್ ಕೊಟ್ಟಲ್ಲೂ ಎಷ್ಟು ಮಂದಿ ಹಳೇ ಮನಿ ಬಿಟ್ರು? ಹೊಲ ಇಲ್ಲಿ, ದನ ಇಲ್ಲಿ, ದೇವರು ಇಲ್ಲಿ. ಪ್ಲಾಟ್ ಒಂದು ಅಲ್ಲಿ.

ಸದಸ್ಯೆ: ಗೊತ್ತೈತ್ರಿ. ಹೊಸಾದು ನಿಲ್ಲಸೂದು ಮೊದಲು, ಇದ್ದವರ ಮಾತು ಆಮ್ಯಾಲೆ. ಇದ್ದವರಿಗೆ ಎತ್ತರದ ಜಾಗಾ ಸಿಗೂತನಕ ಅವರ ಮನಿ ಮುಟ್ಟೂದಿಲ್ಲ ಅಂತ ಠರಾವಿನಾಗ ಬರೀತೀನಿ.

ನಿವೃತ್ತರು: ಬಾಕಿ ಸದಸ್ಯರು ಸಹಿ ಹಾಕ್ತಾರಂತ ತಿಳದಿಯೇನು? ಹೊಳೀ ಕಡೆ ಕಬ್ಬು ತೆಗದು ಗೆರಿ ಹೊಡದವರಾಗ ಇಬ್ಬರು ನಿನ್ನ ಬಾಜೂಕ ಕೂಡ್ರತಿದ್ರು.

ಸದಸ್ಯೆ: ಹಾಕೂದಿಲ್ಲ. ಬೀಳ್ತೈತಿ ಠರಾವು. ಬಿದ್ದದ್ದು ನಡಾವಳಿ ಪುಸ್ತಕದಾಗ ಬರ್ತೈತಲ್ಲ, ಯಾರ್ಯಾರು ಬೀಳಿಸಿದ್ರು ಅಂತ. ಮುಂದಿನ ಮಹಾಪೂರದಾಗ ಆ ಪುಟ ತೆಗದು ಓದ್ತೀನಿ.

ನಿವೃತ್ತರು: ಇದಕ್ಕ ನಾ ಹೇಳೂದು ಮ್ಯಾಲಿಂದ ಆದೇಶ ಬರಬೇಕು ಅಂತ. ಜಿಲ್ಲಾಧಿಕಾರಿ ಸಹಿ ಮಾಡಿ ಕಳಿಸಿದ್ರ ನಿಮಗ ಯಾರಿಗೂ ಮತ ಹೋಗೂದಿಲ್ಲ.

ಸದಸ್ಯೆ: ಮ್ಯಾಲಿಂದ ಬಂದ ಗೆರಿ ನಮ್ಮ ಓಣ್ಯಾಗ ಎಲ್ಲಿ ಹಾಯ್ತೈತಿ ಅಂತ ಅವರಿಗೇನು ಗೊತ್ತು? ಗುಡಿ ಕಟ್ಟಿ ಮ್ಯಾಲೆ ನೀರು ಬಂದಿತ್ತೋ, ಮೂರನೇ ಮೆಟ್ಟಲಕ್ಕ ನಿಂತಿತ್ತೋ? ಒಂದು ಮೆಟ್ಟಲ ಅಂದ್ರ ನಲವತ್ತು ಮನಿ ಆಚೀಚೆ ಆಕ್ಕಾವು. ನೀವು 2019ರಾಗ ಇಲ್ಲೇ ಇದ್ರಿ, ಲೆವೆಲ್ ತಗೊಂಡಿದ್ರಿ, ನಿಮ್ಮ ವಹಿ ಇನ್ನೂ ಇರಬೇಕು. ಗೆರಿ ನೀವ ತೋರಸ್ರಿ.

ನಿವೃತ್ತರು: ವಹಿ ಐತಿ. ಆದರ ನಾ ತೋರಸಿದೆ ಅಂತ ಗೊತ್ತಾದ್ರ ನಲವತ್ತು ಮನಿಯವರು ನನ್ನ ಬಾಗಲಕ್ಕ ಬರ್ತಾರಲ್ಲ?

ಸದಸ್ಯೆ: ಬರಲಿ ಬಿಡ್ರಿ. ನನ್ನ ಬಾಗಲಕ್ಕ 2018ರಿಂದ ಬರಾಕತ್ತಾರ.

ನಿವೃತ್ತರು: ನೀ ಮತ ಕೇಳಿದಾಕಿ, ನಿನ್ನ ಕಡೆ ಬರ್ತಾರ. ನಾ ಪೆನ್ಶನ್ ತಗೊಂಡು ಕೂತಾವ.

ಸದಸ್ಯೆ: ಅದಕ್ಕ ರೀ. ನಿಮಗ ಈಗ ಯಾರೂ ವರ್ಗಾವಣೆ ಮಾಡಾಕ ಬರೂದಿಲ್ಲ. ವಹಿ ಕೊಡ್ರಿ.

ನಿವೃತ್ತರು: ಹುಡುಕಬೇಕು. ಅಟ್ಟದ ಮ್ಯಾಲೆ ಇರಬೇಕು. ಮೊದಲು ನೀ ನಿಲ್ಲೂದು ಖರೆ ಏನು, ಅದನ್ನ ಮನ್ಯಾಗ ಹೇಳಿ ಬಾ, ಆಮ್ಯಾಲೆ ಅಟ್ಟ ಏರ್ತೀನಿ.